ಅಪ್‌ಡೇಟ್: ಅಮ್ಮಮ್ಮನ ವಿನೆಗರ್ ಕೇಕ್ ಕೊನೆಗೂ ಉಬ್ಬಿತು

ಶಿರಸಿಯ ಅಮ್ಮಮ್ಮನ ಹಳೇ ಕೇಕ್ ರೆಸಿಪಿ ಚೀಟಿ ಬಗ್ಗೆ, ಕೇಕ್ ಯಾಕೆ ಉಬ್ಬುತ್ತಿಲ್ಲ ಅಂತ ಇಲ್ಲಿ ಕೇಳಿದ್ದೆ, ನೆನಪಿದೆ ಅಲ್ವಾ? ಮೊಟ್ಟೆ ಇಲ್ಲ, ಬೆಣ್ಣೆ ಇಲ್ಲ, ಹಾಲೂ ಇಲ್ಲ. ಆದರೆ ಒಂದು ದೊಡ್ಡ ಚಮಚ ವಿನೆಗರ್! ಎರಡು ಸಲ ಮಾಡಿದ್ದೆ, ಎರಡು ಸಲವೂ ಕೇಕ್ ಚಪ್ಪಟೆ.

ತಪ್ಪು ಎಲ್ಲಿತ್ತು ಅಂತ ಈಗ ಗೊತ್ತಾಯಿತು. ಹಿಟ್ಟು ಕಲಸಿಟ್ಟು, ಆಮೇಲೆ ಕುಕ್ಕರ್ ಬಿಸಿಗಿಡುತ್ತಿದ್ದೆ. ವಿನೆಗರ್ ಅಡುಗೆ ಸೋಡಾಕ್ಕೆ ತಾಗಿದ ಕೂಡಲೇ ಗುಳ್ಳೆ ಏಳುತ್ತದೆ. ಕಾಯುತ್ತಾ ಕೂತರೆ ಆ ಗಾಳಿಯೆಲ್ಲ ಸುಮ್ನೆ ಹೊರಟುಹೋಗುತ್ತದೆ. ಈ ಸಲ ಗ್ಯಾಸ್ಕೆಟ್, ಸೀಟಿ ತೆಗೆದು, ತಳಕ್ಕೆ ಉಪ್ಪು ಹರಡಿ, ಕುಕ್ಕರ್ ಮೊದಲೇ ಕಾಯಿಸಿದೆ. ವಿನೆಗರ್ ಕೊನೆಗೆ ಹಾಕಿ, ನಾಲ್ಕು ಸುತ್ತು ತಿರುಗಿಸಿ, ತಕ್ಷಣ ಒಳಗಿಟ್ಟೆ.

ಅಳತೆ ಕೇಳಿದವರಿಗೆ: ಮೈದಾ 1½ ಕಪ್, ಜೋನಿ ಬೆಲ್ಲ (ನೀರಾಗಿರುವ ಬೆಲ್ಲ) 1 ಕಪ್, ನೀರು ಮುಕ್ಕಾಲು ಕಪ್, ಎಣ್ಣೆ 5 ದೊಡ್ಡ ಚಮಚ, ಸೋಡಾ 1 ಸಣ್ಣ ಚಮಚ, ಚಿಟಿಕೆ ಉಪ್ಪು, ಏಲಕ್ಕಿ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಚೀಟಿಯಲ್ಲಿ ಸಕ್ಕರೆ ಅಂತಿತ್ತು, ಜೋನಿ ಬೆಲ್ಲ ನನ್ನ ಆಯ್ಕೆ. ಆ ಬಣ್ಣ, ಆ ಪರಿಮಳ ಸಕ್ಕರೆಗೆ ಬರುವುದಿಲ್ಲ.

ಹುಳಿ ವಾಸನೆ ಸ್ವಲ್ಪವೂ ಉಳಿಯಲಿಲ್ಲ. ಅಮೆರಿಕದಲ್ಲಿ 1930ರ ದಶಕದ ಕಷ್ಟಕಾಲದಲ್ಲಿ ಮೊಟ್ಟೆ, ಬೆಣ್ಣೆ ದುಬಾರಿಯಾದಾಗ ಹೀಗೇ ಕೇಕ್ ಮಾಡುತ್ತಿದ್ದರಂತೆ. ಅದು ಅಮ್ಮಮ್ಮನ ಕೈಗೆ ಹೇಗೆ ಬಂತೋ! ಆಯಿ (ನನ್ನ ಅಮ್ಮ) ಒಂದು ತುಂಡು ತಿಂದು, "ಇದೇ ರುಚಿ" ಅಂದಳು. ಕಣ್ಣು ತುಂಬಿತ್ತು. ಸಹಾಯ ಮಾಡಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.