ಪದಚರ್ಚೆ: ‘ಹಿಮಮಾನವ’ ಬಂದನೋ, ಬಂತೋ?

ಗೆಳೆಯರೆ, ನಮಸ್ಕಾರ.

1950ರ ದಶಕದ ಕೆಲವು ಹಿಮಮಾನವ ಸಿನಿಮಾಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವ ಕೆಲಸ ನಡೆದಿದೆ. ಅಮೆರಿಕದ ‘ದಿ ಸ್ನೋ ಕ್ರೀಚರ್’ (1954), ಜಪಾನಿನ ತೋಹೋ ಕಂಪನಿಯ ‘ಜೂಜಿನ್ ಯುಕಿ ಒತೊಕೊ’ (1955), ಅದನ್ನೇ ಕತ್ತರಿಸಿ ಅಮೆರಿಕದವರು ಮಾಡಿಕೊಂಡ ‘ಹಾಫ್ ಹ್ಯೂಮನ್’ (1958), ಬ್ರಿಟನ್ನಿನ ಹ್ಯಾಮರ್ ಕಂಪನಿಯ ‘ದಿ ಅಬಾಮಿನಬಲ್ ಸ್ನೋಮನ್’ (1957).

ತೊಡಕುಗಳು ಇವು. ‘ಹಿಮಮಾನವ’ ಎಲ್ಲ ಕಡೆಯೂ ನಡೆಯುತ್ತದೆಯೇ? ನಡೆದರೆ ಕ್ರಿಯಾಪದ ‘ಬಂದ’ ಎಂದಿರಬೇಕೋ, ‘ಬಂತು’ ಎಂದೋ? ಹಿಮಮಾನವನ ಹಿಮಾಲಯದ ಹೆಸರಿಗೆ ಯೆತಿ, ಯೇತಿ, ಯತಿ ಮೂರೂ ರೂಪ ಕಣ್ಣಿಗೆ ಬಿದ್ದಿವೆ, ಯಾವುದು ಸರಿ? ‘ಅಬಾಮಿನಬಲ್’ಗೆ ‘ಅಸಹ್ಯ’ ಅನ್ನಲೇ, ‘ಘೋರ’ ಅನ್ನಲೇ? ಪರಿಚಯದ ಟಿಪ್ಪಣಿಯಲ್ಲಿ ‘ಬಿ ಪಿಕ್ಚರ್’ ಎಂಬುದಕ್ಕೆ, ಮೈತುಂಬ ಕೂದಲಿನ ಆ ದಿರಿಸಿಗೆ ಏನನ್ನಬೇಕು? ಬಲ್ಲವರು ತಿಳಿಸಿ.

*

ಸರ್, ನಿಮ್ಮ ಪಟ್ಟಿಯಲ್ಲಿ ಕಠಿಣವಾದದ್ದು ಕ್ರಿಯಾಪದ. ಅದಕ್ಕಷ್ಟೇ ಉತ್ತರಿಸುತ್ತೇನೆ.

ಕನ್ನಡದಲ್ಲಿ ಲಿಂಗ ಅರ್ಥದ ಹಿಂದೆ ಹೋಗುತ್ತದೆ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದದ್ದೆಲ್ಲ ನಪುಂಸಕ ಎಂದು ಕೇಶಿರಾಜನ ಕಾಲದಿಂದಲೂ ಹೇಳಿಕೊಂಡು ಬಂದಿದ್ದೇವೆ. ಆದರೆ ಯಾರನ್ನು ಮನುಷ್ಯರ ಪಂಕ್ತಿಯಲ್ಲಿ ಕೂರಿಸುತ್ತೇವೆ ಅನ್ನುವುದು ಕಥೆಗೆ ಬಿಟ್ಟದ್ದು. ಕರಡಿ ಬಂತು, ಜಾಂಬವಂತ ಬಂದ. ಕೋತಿ ಹಾರಿತು, ಹನುಮಂತ ಹಾರಿದ. ದೆವ್ವ ಬಂತು, ರಾಕ್ಷಸ ಬಂದ. ‘ಹಿಮಮಾನವ’ ಎಂದು ಬರೆದ ಕೂಡಲೇ ‘ಬಂದ’ ತಾನಾಗಿ ಹಿಂದೆ ಬರುತ್ತದೆ. ‘ಹಿಮಮಾನವ ಬಂತು’ ಕಿವಿಗೆ ಒಗ್ಗುವುದಿಲ್ಲ, ‘ಹಿಮಮಾನವಗಳು’ ಅಂತೂ ಆಗದ ಮಾತು.

‘ದಿ ಸ್ನೋ ಕ್ರೀಚರ್’ನಲ್ಲಿ ಇದು ಕಥೆಯನ್ನೇ ಕೆಡಿಸುತ್ತದೆ. ಹಿಮಾಲಯದಲ್ಲಿ ಸಿಕ್ಕಿದ್ದನ್ನು ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಲಾಸ್ ಏಂಜಲೀಸ್‌ಗೆ ತರುತ್ತಾರೆ. ಅಲ್ಲಿ ಅಧಿಕಾರಿಗಳು ತಡೆಯುತ್ತಾರೆ. ಪ್ರಾಣಿಯಾದರೆ ಸರಕು, ಮನುಷ್ಯನಾದರೆ ವಲಸೆ ಇಲಾಖೆಯ ವಿಚಾರ. ಇದು ಇತ್ಯರ್ಥವಾಗುವುದರೊಳಗೆ ಜೀವಿ ತಪ್ಪಿಸಿಕೊಂಡು ಊರಿನ ಚರಂಡಿ ಸುರಂಗ ಸೇರುತ್ತದೆ. ನೀವು ಮೊದಲ ರೀಲಿನಿಂದಲೇ ‘ಮಾನವ’, ‘ಅವನು’ ಎಂದು ಬರೆದುಕೊಂಡು ಬಂದಿದ್ದರೆ ಆ ಅಧಿಕಾರಿಗಳು ಕೇಳುವ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ. ಆ ಚಿತ್ರಕ್ಕೆ ‘ಹಿಮಜೀವಿ’ ಇಟ್ಟುಕೊಳ್ಳಿ. ‘ಹಿಮಪ್ರಾಣಿ’ ಬೇಡ, ಅದು ಇನ್ನೊಂದು ಕಡೆಗೆ ತೀರ್ಪು ಕೊಟ್ಟುಬಿಡುತ್ತದೆ.

ಹ್ಯಾಮರ್ ಚಿತ್ರದಲ್ಲಿ ಲೆಕ್ಕ ಬೇರೆ. ನೈಜಲ್ ನೀಲ್ ಬರೆದು ವಾಲ್ ಗೆಸ್ಟ್ ನಿರ್ದೇಶಿಸಿದ ಆ ಚಿತ್ರದಲ್ಲಿ ಪೀಟರ್ ಕುಶಿಂಗ್ ಮಾಡಿದ ವಿಜ್ಞಾನಿಗೆ, ಇವು ಬುದ್ಧಿಯಲ್ಲಿ ನಮಗೆ ಕಡಿಮೆಯಿಲ್ಲದವು ಎಂದು ಮೆಲ್ಲಮೆಲ್ಲನೆ ಹೊಳೆಯುತ್ತದೆ. ಅಲ್ಲಿ ಮೂರು ಮೆಟ್ಟಿಲು ಹತ್ತಬಹುದು: ಅದು, ಅವನು, ಅವರು. ಹಿಡಿದು ಪ್ರದರ್ಶನಕ್ಕಿಡಲು ಬಂದ ಅಮೆರಿಕನ್ನನ ಬಾಯಲ್ಲಿ ಕೊನೆಯವರೆಗೂ ‘ಅದು’ ಇರಲಿ, ವಿಜ್ಞಾನಿಯ ಬಾಯಲ್ಲಿ ಬದಲಾಗಲಿ. ಇಂಗ್ಲಿಷಿಗೆ ಆ ಮೂರನೆಯ ಮೆಟ್ಟಿಲೇ ಇಲ್ಲ.

ಜಪಾನಿ ಚಿತ್ರದಲ್ಲಿ ದೊಡ್ಡ ಜೀವಿಯ ಜೊತೆ ಒಂದು ಚಿಕ್ಕದೂ ಇದೆ. ಮೂಲದಲ್ಲಿ ಅದರ ಸಾವಿನಿಂದಲೇ ದೊಡ್ಡದು ಕೆರಳುವುದು, ಹಾಗಾಗಿ ಅಲ್ಲಿ ‘ಮಗು’. ಅಮೆರಿಕನ್ ಅವತರಣಿಕೆಯಲ್ಲಿ ಅದೇ ಚಿಕ್ಕದರ ಹೆಣವನ್ನು ಮೇಜಿನ ಮೇಲೆ ಮಲಗಿಸಿ ವಿಜ್ಞಾನಿಗಳು ಪರೀಕ್ಷಿಸುವ ದೃಶ್ಯಗಳನ್ನು ಹೊಸದಾಗಿ ಸೇರಿಸಿದ್ದಾರೆ, ಅಲ್ಲಿ ‘ಮರಿ’. ಎರಡು ಫೈಲಿಗೂ ಒಂದೇ ಪದ ನಕಲು ಮಾಡಬೇಡಿ. ಆ ಚಿತ್ರದ ಗುಡ್ಡಗಾಡು ಹಳ್ಳಿಯವರಿಗೆ ‘ಕಾಡುಜನ’ ಎಂದೂ ಬರೆಯಬೇಡಿ. ಅವರನ್ನು ತೋರಿಸಿದ ರೀತಿಯೇ ತಕರಾರಿಗೆ ಸಿಕ್ಕಿ ತೋಹೋ ಆ ಚಿತ್ರವನ್ನು ಮನೆ ವೀಕ್ಷಣೆಗೆ ಬಿಡದೆ ಹಿಡಿದಿಟ್ಟದ್ದು ಎನ್ನುತ್ತಾರೆ.

ಕೆಲಸದ ಕ್ರಮ ಹೀಗಿರಲಿ. ಮೊದಲು ಪಾತ್ರಗಳ ಪಟ್ಟಿ ಮಾಡಿ, ಪ್ರತಿಯೊಬ್ಬರ ಎದುರು ‘ಅದು’, ‘ಅವನು’, ‘ಅವರು’ ಇವುಗಳಲ್ಲಿ ಒಂದನ್ನು ಬರೆದುಕೊಳ್ಳಿ. ಬದಲಾಗುವುದಿದ್ದರೆ ಯಾವ ದೃಶ್ಯದಿಂದ ಎಂಬುದನ್ನೂ. ಆಮೇಲೆ ಅನುವಾದ. ಎಲ್ಲ ಮುಗಿಸಿ ಕೊನೆಗೆ ಫೈಂಡ್-ರಿಪ್ಲೇಸ್ ಒತ್ತಿದರೆ ‘ಹಿಮಮಾನವನಿಗೆ’ ಹೋಗಿ ‘ಹಿಮಜೀವಿನಿಗೆ’ ಆಗುತ್ತದೆ. ವಿಭಕ್ತಿ ಸರಿಮಾಡಿದರೂ ಮುಂದಿನ ಸಾಲಿನ ‘ಅವನ ಹೆಜ್ಜೆ’, ‘ದೊಡ್ಡವನು’, ‘ಓಡಿಹೋದ’ ಹಾಗೇ ಉಳಿಯುತ್ತವೆ, ಏಕೆಂದರೆ ಅಲ್ಲಿ ನಾಮಪದವೇ ಇಲ್ಲ, ಹುಡುಕಿದರೆ ಸಿಗುವುದಿಲ್ಲ.

ಗುಟ್ಟು ಬಿಟ್ಟುಕೊಡಬಾರದ ಕಡೆ ಕೃದಂತ ಕೈಹಿಡಿಯುತ್ತದೆ: ‘ಬಂದು ಹೋದ ಗುರುತು’, ‘ಬಂದಾಗ ಯಾಕ್ ದನಗಳು ಬೆದರಿದವು’. ಇವುಗಳಲ್ಲಿ ಲಿಂಗವಿಲ್ಲ. ಗುಡಾರದ ಹೊರಗೆ ಸದ್ದಾದಾಗ ‘ಯಾರೋ ಇದ್ದಾರೆ’ ಅನ್ನುವುದಕ್ಕೂ ‘ಏನೋ ಇದೆ’ ಅನ್ನುವುದಕ್ಕೂ ಇರುವ ದೂರವನ್ನು ಮಾತ್ರ ಗಮನದಲ್ಲಿಡಿ.

*

ಮೇಲಿನ ಪತ್ರಕ್ಕೆ ನನ್ನ ಒಪ್ಪಿಗೆ ಇದೆ. ‘ಅಬಾಮಿನಬಲ್’ ವಿಷಯ ಹೇಳುತ್ತೇನೆ. ಅದು ಹಿಮಾಲಯದ ಮಾತೇ ಅಲ್ಲ. 1921ರಲ್ಲಿ ಹೊವರ್ಡ್-ಬ್ಯುರಿ ನೇತೃತ್ವದ ಎವರೆಸ್ಟ್ ಸಮೀಕ್ಷಾ ತಂಡ ಲ್ಹಾಕ್ಪಾ ಲಾ ಕಣಿವೆದಾರಿಯ ಹತ್ತಿರ ಹೆಜ್ಜೆಗುರುತು ಕಂಡಿತು. ಜೊತೆಗಿದ್ದ ಕೂಲಿಗಳು ‘ಮೆತೊ ಕಾಂಗ್ಮಿ’ ಎಂದದ್ದು ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಗೆ ಬರೆಯುತ್ತಿದ್ದ ಹೆನ್ರಿ ನ್ಯೂಮನ್ ಕೈಗೆ ಸಿಕ್ಕಿ ‘ಅಬಾಮಿನಬಲ್ ಸ್ನೋಮನ್’ ಆಯಿತು. ‘ಕಾಂಗ್’ ಹಿಮ, ‘ಮಿ’ ಮನುಷ್ಯ. ಇಲ್ಲಿಯವರೆಗೆ ನಮ್ಮ ‘ಹಿಮಮಾನವ’ ಕೂದಲೆಳೆಯಷ್ಟೂ ತಪ್ಪಿಲ್ಲ. ‘ಮೆತೊ’ಗೆ ಮಾತ್ರ ಆ ‘ಹೇಸಿಗೆ’ಯ ಅರ್ಥ ಅಂಟಿಸಿದ್ದು ಪತ್ರಿಕೆಯ ಕೈವಾಡ. ಹೀಗಿರುವಾಗ ಕನ್ನಡದಲ್ಲಿ ಅದನ್ನು ಮತ್ತೆ ಹೊತ್ತು ತರುವುದೇಕೆ? ಹ್ಯಾಮರ್ ಚಿತ್ರಕ್ಕೆ ಬರೀ ‘ಹಿಮಮಾನವ’ ಸಾಕು. ‘ಅಸಹ್ಯ ಹಿಮಮಾನವ’ ಎಂದರೆ ಸ್ನಾನ ಮಾಡದವನು ಅನ್ನಿಸುತ್ತದೆ.

‘ಮಂಜಿನ ಮನುಷ್ಯ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಬೇಡ. ಮಲೆನಾಡು, ಕೊಡಗಿನವರಿಗೆ ಮಂಜು ಎಂದರೆ ಬೆಳಗ್ಗೆ ದಾರಿ ಮುಚ್ಚುವ ಮಂಜು, ನೆಲದ ಮೇಲೆ ಗಟ್ಟಿಯಾಗಿ ಕೂತು ಹೆಜ್ಜೆ ಮೂಡಿಸಿಕೊಳ್ಳುವ ಹಿಮವಲ್ಲ.

ಕಾಗುಣಿತ: ನೇಪಾಳಿಯಲ್ಲಿ ‘ಯತೀ’ ಎಂದೇ ಬರೆಯುವ ರೂಢಿಯಿದೆ, ಅದನ್ನು ನೋಡಿ ನಮ್ಮವರೂ ‘ಯತಿ’ ಬರೆದಿರಬಹುದು. ನಮ್ಮಲ್ಲಿ ಯತಿಯೆಂದರೆ ಸನ್ಯಾಸಿ. ‘ಹಿಮಾಲಯದಲ್ಲಿ ಯತಿಯ ಹೆಜ್ಜೆ’ ಎಂದು ಓದಿದವರು ಕೈಮುಗಿದಾರು. ‘ಯೆತಿ’, ‘ಯೇತಿ’ ಎರಡರಲ್ಲಿ ‘ಯೇತಿ’ ನನ್ನ ಆಯ್ಕೆ, ಉಚ್ಚಾರಕ್ಕೆ ಹತ್ತಿರ. ಈ ಪದದ ಮೂಲವನ್ನು ‘ಬಂಡೆ’ ಮತ್ತು ‘ಕರಡಿ’ ಅರ್ಥದ ಎರಡು ಟಿಬೆಟನ್ ಮಾತುಗಳಿಗೆ ಒಯ್ಯುವುದುಂಟು. ಶೆರ್ಪಾಗಳ ‘ದ್ಜು ತೆಹ್’ ಕೂಡ ದನ ಹಿಡಿಯುವ ಕರಡಿಯೇ. ಯೇತಿಯದೆಂದು ಕಾಪಿಟ್ಟಿದ್ದ ಒಂಬತ್ತು ಮಾದರಿಗಳ ಡಿಎನ್‌ಎ ಫಲಿತಾಂಶ 2017ರಲ್ಲಿ ಪ್ರಕಟವಾದಾಗ ಎಂಟು ಕರಡಿಯವು, ಒಂದು ನಾಯಿಯದು. ಆದ್ದರಿಂದ ಶೆರ್ಪಾ ಪಾತ್ರಗಳ ಬಾಯಲ್ಲಿ ‘ಯೇತಿ ಬಂತು’ ಎಂದೇ ಇರಲಿ, ವ್ಯಾಕರಣಕ್ಕೂ ಸರಿ, ಮೂಲಕ್ಕೂ ಸರಿ. (ಅಂದ ಹಾಗೆ ‘ದಿ ಸ್ನೋ ಕ್ರೀಚರ್’ನ ಶೆರ್ಪಾಗಳು ಆಡುವುದು ಜಪಾನಿ ಭಾಷೆ. ಪಾತ್ರಧಾರಿಗಳು ಜಪಾನಿ ಮೂಲದವರು. ಆ ಮಾತುಗಳಿಗೆ ಶೆರ್ಪಾ ಅರ್ಥ ಹುಡುಕುತ್ತಾ ಕೂರಬೇಡಿ.)

*

ಉಳಿದ ಎರಡಕ್ಕೆ ಚುಟುಕಾಗಿ.

‘ಬಿ ಗ್ರೇಡ್ ಸಿನಿಮಾ’ ಎಂದು ದಯವಿಟ್ಟು ಬರೆಯಬೇಡಿ. ನಮ್ಮಲ್ಲಿ ಆ ಮಾತಿಗೆ ಬೆಳಗಿನ ಆಟದ ಪೋಸ್ಟರಿನ ವಾಸನೆ ಇದೆ. ಅಮೆರಿಕದಲ್ಲಿ ‘ಬಿ’ ಎಂದರೆ ಒಂದೇ ಟಿಕೆಟ್ಟಿಗೆ ತೋರಿಸುತ್ತಿದ್ದ ಎರಡು ಚಿತ್ರಗಳಲ್ಲಿ ಕೆಳಗಿನದು. ಮುಖ್ಯ ಚಿತ್ರಕ್ಕೆ ಗಳಿಕೆಯಲ್ಲಿ ಪಾಲು, ಇದಕ್ಕೆ ನಿಗದಿತ ಬಾಡಿಗೆ. ಎಷ್ಟು ಜನ ಬಂದರೂ ಬಾಡಿಗೆ ಅಷ್ಟೇ ಆದ್ದರಿಂದ ಖರ್ಚನ್ನು ಮೊದಲೇ ಕಟ್ಟಿಹಾಕುತ್ತಿದ್ದರು, ಉದ್ದವೂ ಒಂದು ಗಂಟೆಯ ಆಸುಪಾಸು. ‘ಜೊತೆಚಿತ್ರ’ ಎಂದರೆ ಓದುಗರಿಗೆ ಸುಲಭ.

ದಿರಿಸಿಗೆ ಹೊಸ ಪದ ಕಟ್ಟಬೇಕಿಲ್ಲ, ‘ವೇಷ’ ಇದೆ. ಹುಲಿವೇಷ, ಕರಡಿವೇಷ ಎನ್ನುವವರಿಗೆ ‘ಯೇತಿವೇಷ’ ಬಿಡಿಸಿ ಹೇಳಬೇಕಾಗಿಲ್ಲ. ತಲೆ ಬೇರೆ, ಮೈ ಬೇರೆ, ಬೆನ್ನಿಗೆ ಜಿಪ್ಪು. ಕುತ್ತಿಗೆಯ ಸಂದು ಕಾಣದ ಹಾಗೆ ಕೂದಲು ಇಳಿಬಿಟ್ಟಿರುತ್ತಾರೆ. ಜಿಪ್ಪು ಕಂಡೀತೆಂದು ನಟ ಕ್ಯಾಮೆರಾಗೆ ಬೆನ್ನು ಹಾಕುವಂತಿಲ್ಲ. ‘ದಿ ಸ್ನೋ ಕ್ರೀಚರ್’ ಇದಕ್ಕಿಂತ ಅಗ್ಗದ ದಾರಿ ಹಿಡಿದಿದೆ. ಕತ್ತಲಿನಿಂದ ಜೀವಿ ಮುಂದೆ ಬರುವ ಒಂದೇ ಶಾಟು ಮತ್ತೆಮತ್ತೆ ಬರುತ್ತದೆ, ಹಿಂದೆ ಸರಿಯಬೇಕಾದಾಗ ಅದನ್ನೇ ಉಲ್ಟಾ ಓಡಿಸಿದ್ದಾರೆ. ಹಿಮ ಬೀಳುತ್ತಿದ್ದರೆ ಉಲ್ಟಾ ಓಡಿಸಿದಾಗ ಅದು ಮೇಲಕ್ಕೆ ಹಾರುತ್ತಿತ್ತು. ಕಪ್ಪು ಹಿನ್ನೆಲೆ ಇದ್ದದ್ದರಿಂದ ಬಚಾವ್. ಸಬ್‌ಟೈಟಲ್ ಬರೆಯುವವರು ಇಲ್ಲಿ ಚಿತ್ರ ನೋಡಿ ‘ಬಂತು’, ‘ಹೋಯಿತು’ ನಿರ್ಧರಿಸಬೇಡಿ, ಸಂಭಾಷಣೆಯ ಹಾಳೆ ನೋಡಿ.

ಕೊನೆಗೊಂದು ಸಲಹೆ ಬಂದಿತ್ತು, ‘ಕಿಂಪುರುಷ’. ‘ಇವನೂ ಮನುಷ್ಯನೇ?’ ಎಂಬ ಅರ್ಥ ಒಳಗೇ ಇದೆ, ವಾಸವೂ ಹಿಮಾಲಯದ ಕಡೆಯೇ. ಕಾಗದದ ಮೇಲೆ ಚೆನ್ನ. ತೆರೆಯ ಮೇಲೆ ಬಂದರೆ ಜನ ಯಕ್ಷ ಕಿನ್ನರರ ಸಾಲಿನಲ್ಲಿ ಹಾಡುವವನನ್ನು ಕಾಯುತ್ತಾರೆ. ಟಿಪ್ಪಣಿಯಲ್ಲಿ ಒಮ್ಮೆ ಬಳಸಿ ಬಿಡಿ.