ಬೆರಿಲ್ ಕಿರೀಟದ ಕಥೆಯಲ್ಲಿ ತಪ್ಪು ಅಪ್ಪನದೇ

ಅಕ್ಕಾ, ನಿನ್ನ ಮೆಸೇಜ್ ನೋಡಿದೆ. ಬೆರಿಲ್ ಕಿರೀಟದ ಕಥೆಯಲ್ಲಿ ಆ ಹುಡುಗ ಬಾಯಿ ಬಿಟ್ಟಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು, ಅಪ್ಪ ಪಾಪ ಇನ್ನೇನು ಮಾಡಬೇಕಿತ್ತು ಅಂತ ಬರೆದಿದ್ದೀಯ. ನಾನಂತೂ ಒಪ್ಪಲ್ಲ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೋ.

ಓದದವರಿಗೆ ಹೇಳ್ಬಿಡ್ತೀನಿ. ಕಾನನ್ ಡಾಯ್ಲ್ ಬರೆದ ಷರ್ಲಾಕ್ ಹೋಮ್ಸ್ ಕಥೆ, 1892ರದ್ದು. ಹೋಲ್ಡರ್ ಅಂತ ಲಂಡನ್ನಿನ ಬ್ಯಾಂಕರ್. ಭಾರೀ ದೊಡ್ಡ ಮನೆತನದವರೊಬ್ಬರು 50,000 ಪೌಂಡ್ ಸಾಲಕ್ಕೆ 39 ಬೆರಿಲ್ ಹರಳಿನ ಕಿರೀಟವನ್ನು ಅಡ ಇಡುತ್ತಾರೆ. ಬ್ಯಾಂಕಲ್ಲಿ ಬಿಡೋಕೆ ಭಯ ಅಂತ ಈ ಮಹಾರಾಯ ಅದನ್ನು ಮನೆಗೇ ಹೊತ್ತು ತರುತ್ತಾನೆ. ತಂದವನು ಸುಮ್ನಿದ್ದನಾ? ಊಟ ಆಗಿ ಕಾಫಿ ಕುಡಿಯುವಾಗ ಮಗ ಆರ್ಥರ್‌ಗೂ, ಮನೆಯಲ್ಲೇ ಸಾಕಿದ ಸಹೋದರನ ಮಗಳು ಮೇರಿಗೂ ಹೇಳಿಬಿಡುತ್ತಾನೆ. ಆಗ ಮಗ ಏನಂತಾನೆ ಗೊತ್ತಾ? ನೀವು ಕಿರೀಟ ಇಟ್ಟ ಬೀರುವಿಗೆ ಯಾವ ಹಳೇ ಕೀಲಿಯಾದರೂ ಆಗುತ್ತೆ, ಚಿಕ್ಕವನಿದ್ದಾಗ ನಾನೇ ತೆಗೆದಿದ್ದೇನೆ ಅಂತ. ಕದಿಯೋನು ಯಾವನಾದರೂ ಹೀಗೆ ಬಾಯಿಬಿಟ್ಟು ಹೇಳ್ತಾನಾ?

ಆದರೆ ಹುಡುಗನಿಗೆ ಇಸ್ಪೀಟು, ಕುದುರೆ ರೇಸಿನ ಚಟ. ಅದೇ ರಾತ್ರಿ 200 ಪೌಂಡ್ ಕೇಳಿ ಬೈಸಿಕೊಂಡಿದ್ದ. ಬೆಳಗಿನ ಜಾವ ಎರಡರ ಹೊತ್ತಿಗೆ ಸದ್ದಾಗಿ ಅಪ್ಪ ಎದ್ದು ನೋಡಿದರೆ ಮಗ ಬರಿಗಾಲಲ್ಲಿ ನಿಂತು ಎರಡೂ ಕೈಯಲ್ಲಿ ಕಿರೀಟ ಹಿಡಿದು ತಿರುಚುತ್ತಿದ್ದಾನೆ, ಒಂದು ಮೂಲೆ ಮೂರು ಹರಳಿನ ಸಮೇತ ಮುರಿದುಹೋಗಿದೆ. ಅಷ್ಟೇ, ಕಳ್ಳ ಅಂದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಈತ ಕಂಡದ್ದನ್ನೇ ತೀರ್ಪು ಮಾಡಿಬಿಟ್ಟ.

ನಡೆದದ್ದೇ ಬೇರೆ. ಕಿಟಕಿಯಿಂದ ಕಿರೀಟ ದಾಟಿಸಿದವಳು ಮೇರಿ. ತೆಗೆದುಕೊಂಡವನು ಅವಳ ಪ್ರೇಮಿ, ಸರ್ ಜಾರ್ಜ್ ಬರ್ನ್‌ವೆಲ್. ಅದನ್ನು ಕಂಡ ಆರ್ಥರ್ ಹಿಮದ ಮೇಲೆ ಬರಿಗಾಲಲ್ಲೇ ಓಡಿ, ಅವನ ಜೊತೆ ಗುದ್ದಾಡಿ, ಕಿರೀಟ ಕಿತ್ತುಕೊಂಡು ಬಂದಿದ್ದ. ಸೊಟ್ಟಗಾದದ್ದನ್ನು ನೆಟ್ಟಗೆ ಮಾಡುತ್ತಿದ್ದಾಗಲೇ ಅಪ್ಪ ನೋಡಿದ್ದು! ಮೇರಿ ಅಂದ್ರೆ ಅವನಿಗೆ ಪ್ರಾಣ, ಎರಡು ಸಲ ಮದುವೆ ಆಗ್ತೀಯಾ ಅಂತ ಕೇಳಿದ್ದ. ಅವಳ ಹೆಸರು ಹೇಗೆ ಹೇಳ್ತಾನೆ? ಅದೂ ಶಭಾಷ್ ಅನ್ನಿಸಿಕೊಳ್ಳಬೇಕಾದ ಹೊತ್ತಲ್ಲಿ ಕಳ್ಳ ಅನ್ನಿಸಿಕೊಂಡ ಮೇಲೆ.

ನನಗೆ ಜಾಸ್ತಿ ಸಿಟ್ಟು ಬರೋದು ಆ ಐದು ನಿಮಿಷದ ವಿಷಯಕ್ಕೆ. ಪೊಲೀಸ್ ಕರೆಸುವ ಮೊದಲು ಐದೇ ನಿಮಿಷ ಹೊರಗೆ ಬಿಡಿ, ನಿಮಗೂ ಒಳ್ಳೆಯದು ಅಂತ ಮಗ ಕೇಳುತ್ತಾನೆ. ಗುದ್ದಾಡಿದ ಜಾಗದಲ್ಲಿ ಮುರಿದ ತುಂಡು ಬಿದ್ದಿದೆಯಾ ನೋಡೋಕೆ. ಅಪ್ಪನಿಗೆ ಅನ್ನಿಸಿದ್ದು, ಓಡಿಹೋಗ್ತಾನೆ ಇಲ್ಲವೇ ಕದ್ದದ್ದನ್ನು ಬಚ್ಚಿಡ್ತಾನೆ ಅಂತ. ಜೊತೆಗೆ ಹೋಗಬಹುದಿತ್ತಲ್ವಾ? ಕೊನೇಪಕ್ಷ ಹೊರಗೆ ಇಣುಕಿದ್ದರೂ ಹಿಮದಲ್ಲಿ ಬರಿಗಾಲಿನ ಗುರುತು ಕಾಣುತ್ತಿತ್ತು. ಹೋಮ್ಸ್ ಆಮೇಲೆ ಹಿಡಿದದ್ದು ಅದನ್ನೇ. ಬೂಟಿನ ಗುರುತಿನ ಮೇಲೆ ಬರಿಗಾಲು, ಅಂದ್ರೆ ಬರಿಗಾಲಿನವನು ಹಿಂದೆ ಅಟ್ಟಿಸಿಕೊಂಡು ಹೋದವನು. ಇನ್ನೊಂದು, ಕೈ ಗಟ್ಟಿ ಇರೋ ಹೋಮ್ಸ್‌ಗೇ ಆ ಕಿರೀಟ ಮುರಿಯೋಕೆ ಆಗಲಿಲ್ಲ. ಮುರಿದರೆ ಪಿಸ್ತೂಲು ಹೊಡೆದ ಹಾಗೆ ಸದ್ದಾಗುತ್ತೆ ಅಂತಾನೆ. ತಾನು ಮಲಗಿದ್ದ ಮಂಚದ ಹತ್ತಿರವೇ ಮಗ ಅದನ್ನು ಮುರಿದ, ತನಗೆ ಆ ಸದ್ದು ಕೇಳಿಸಲಿಲ್ಲ ಅಂತ ಅಪ್ಪ ಹೇಗೆ ನಂಬಿದನೋ!

ಹಾಗಾಗಿ ಮಗ ಸುಮ್ಮನಿದ್ದದ್ದೇ ತಪ್ಪು ಅನ್ನಬೇಡ. ಜೈಲಲ್ಲಿದ್ದ ಅವನನ್ನು ನೋಡೋಕೆ ಹೋಮ್ಸ್ ಹೋದಾಗಲೂ ಅವನು ತಾನಾಗಿ ಏನೂ ಹೇಳಲಿಲ್ಲ, ಹೋಮ್ಸೇ ಕಥೆಯೆಲ್ಲ ಹೇಳಿದ ಮೇಲೆ ಹೌದು ಅಂದ. ಅಪ್ಪ ಕ್ಷಮೆ ಕೇಳೋಕೆ ಓಡ್ತೀನಿ ಅಂತಾನೆ, ನಿಜ. ಆದರೆ ಅದೇ ಉಸಿರಲ್ಲಿ, ಮನೆ ಬಿಟ್ಟು ಹೋದ ಮೇರಿ ಎಲ್ಲಿದ್ದಾಳೋ ಅಂತ ಮರುಗುತ್ತಾನೆ ನೋಡು!