ಕೋವಿಡ್ ನಡುವೆ ಚಂಡಮಾರುತ: ಹಿರಿಯರಿರುವ ಮನೆಯ ಸಿದ್ಧತೆ

ಪ್ರಶ್ನೆ (ಗ್ಯಾಲ್ವೆಸ್ಟನ್ ಕೌಂಟಿ, ಟೆಕ್ಸಾಸ್, ಆಗಸ್ಟ್ 24, 2020):
ವೈದ್ಯರಿಗೆ ನಮಸ್ಕಾರ. ಲಾರಾ ಚಂಡಮಾರುತವು ಈ ವಾರ ಟೆಕ್ಸಾಸ್ ಅಥವಾ ಲೂಯಿಸಿಯಾನ ಕರಾವಳಿಯನ್ನು ಅಪ್ಪಳಿಸಬಹುದೆಂಬ ಮುನ್ಸೂಚನೆಯಿದೆ. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ-ಮಾವ, ವಿಮಾನಗಳು ನಿಂತುಹೋದ ಕಾರಣ ಇಲ್ಲಿಯೇ ಉಳಿದಿದ್ದಾರೆ. ಮಾವನವರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಅತ್ತೆಯವರಿಗೆ ಉಬ್ಬಸವಿದೆ. ಮಾರ್ಚ್‌ನಿಂದ ಹೊರಗಿನವರನ್ನು ಒಳಗೆ ಬಿಟ್ಟುಕೊಳ್ಳದ ನಾವು, ಜನ ತುಂಬಿದ ಆಶ್ರಯ ಕೇಂದ್ರಕ್ಕೆ ಹೋಗುವುದಕ್ಕಿಂತ ಮನೆಯಲ್ಲೇ ಇರುವುದು ಮೇಲಲ್ಲವೇ?

ಉತ್ತರ:
ನಿಮ್ಮ ಭಯ ಸಹಜವಾದದ್ದು. ಆದರೂ ನಿಮ್ಮ ವಲಯಕ್ಕೆ ತೆರವಿನ ಆದೇಶ ಬಂದರೆ ದಯವಿಟ್ಟು ಹೊರಡಿ. ಸೋಂಕಿನ ಅಪಾಯವನ್ನು ಮಾಸ್ಕ್ ಮತ್ತು ಅಂತರದಿಂದ ತಗ್ಗಿಸಬಹುದು. ಕಡಲು ಉಕ್ಕಿ ರಸ್ತೆ ಮುಳುಗಿದ ಮೇಲೆ ಆಂಬುಲೆನ್ಸ್ ಕೂಡ ನಿಮ್ಮ ಮನೆ ತಲುಪಲಾರದು. 1900ರಲ್ಲಿ ಗ್ಯಾಲ್ವೆಸ್ಟನ್‌ನಲ್ಲಿ ಸಾವಿರಾರು ಜನ ಸತ್ತದ್ದು ಬಹುಪಾಲು ಹೀಗೆ ನುಗ್ಗಿದ ನೀರಿನಿಂದಲೇ.

ಆದರೆ ಹೊರಡುವುದೆಂದರೆ ಆಶ್ರಯ ಕೇಂದ್ರಕ್ಕೇ ಹೋಗಬೇಕೆಂದಿಲ್ಲ. ಅದು ಕೊನೆಯ ದಾರಿ. ಮೊದಲು ಒಳನಾಡಿನ ಸ್ನೇಹಿತರ ಮನೆಯನ್ನೋ ಹೋಟೆಲನ್ನೋ ನೋಡಿ. ಸ್ನೇಹಿತರಾದರೆ, ಅವರಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಇದೆಯೇ, ಹಿರಿಯರಿಗೆ ಬೇರೆ ಕೋಣೆ ಮತ್ತು ಬಚ್ಚಲು ಸಿಗುತ್ತದೆಯೇ ಎಂದು ಸಂಕೋಚ ಬಿಟ್ಟು ಇಂದೇ ಕೇಳಿ. ಡಲ್ಲಾಸ್‌ವರೆಗೂ ಹೋಗಬೇಕಾಗಿಲ್ಲ, ತೆರವಿನ ವಲಯ ದಾಟಿದರೆ ಸಾಕು: 2005ರಲ್ಲಿ ರೀಟಾ ಚಂಡಮಾರುತ ಬಂದಾಗ ಹ್ಯೂಸ್ಟನ್‌ನಿಂದ ಹೊರಟ ವಾಹನಗಳು ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಂತು, ಆ ಪಯಣದಲ್ಲೇ ಅನೇಕರು ಪ್ರಾಣ ಕಳೆದುಕೊಂಡರು.

ಔಷಧಿಯ ವಿಷಯದಲ್ಲಿ ತಡಮಾಡಬೇಡಿ. ಭಾರತದ ಚೀಟಿಗೆ ಇಲ್ಲಿನ ಅಂಗಡಿಗಳು ಸಾಮಾನ್ಯವಾಗಿ ಔಷಧಿ ಕೊಡುವುದಿಲ್ಲವಾದ್ದರಿಂದ, ಇಂದೇ ವಿಡಿಯೋ ಕರೆಯ ಮೂಲಕ ಇಲ್ಲಿನ ವೈದ್ಯರೊಬ್ಬರಿಂದ ಚೀಟಿ ಬರೆಸಿಕೊಳ್ಳಿ. ಬಹುತೇಕ ಇನ್ಸುಲಿನ್‌ಗಳು 15ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಫ್ರಿಜ್ ಇಲ್ಲದೆಯೂ ಸುಮಾರು 28 ದಿನ ಕೆಡುವುದಿಲ್ಲ. ಆದರೆ ಅದು ಮಂಜುಗಡ್ಡೆಗೆ ತಾಗಬಾರದು, ನಿಂತ ಕಾರಿನಲ್ಲಿ ಉಳಿಯಬಾರದು. ಅತ್ತೆಯವರು ನೆಬ್ಯುಲೈಸರ್ (ಔಷಧಿಯನ್ನು ಉಸಿರಾಡುವ ಮಂಜಾಗಿಸುವ ಯಂತ್ರ) ಬಳಸುತ್ತಿದ್ದರೆ, ಅದಕ್ಕೆ ವಿದ್ಯುತ್ ಬೇಕು, ಜೊತೆಗೆ ಸೋಂಕಿದ್ದಲ್ಲಿ ಅದರ ಹನಿಗಳು ಕೋಣೆಯಲ್ಲಿ ಹರಡಬಹುದು. ಇನ್ಹೇಲರ್ ಮತ್ತು ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸುವ ಕೊಳವೆ) ಸಾಕಾಗುತ್ತದೆಯೇ ಎಂದು ಅದೇ ಕರೆಯಲ್ಲಿ ವಿಚಾರಿಸಿ.

ಉಳಿದಂತೆ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್‌ (ಸುಮಾರು 3.8 ಲೀಟರ್) ನಂತೆ ಕನಿಷ್ಠ ಮೂರು ದಿನದ ನೀರು, ಬೇಯಿಸದೆ ತಿನ್ನಬಹುದಾದ ಆಹಾರ, ಪ್ರತಿಯೊಬ್ಬರಿಗೂ ಹಲವು ಮಾಸ್ಕ್, ಸಾಬೂನು, ಶೇಕಡಾ 60ಕ್ಕೆ ಕಡಿಮೆಯಿಲ್ಲದ ಆಲ್ಕೋಹಾಲ್ ಇರುವ ಸ್ಯಾನಿಟೈಸರ್, ಥರ್ಮಾಮೀಟರ್ ಮತ್ತು ಪಾಸ್‌ಪೋರ್ಟ್‌ಗಳು ಚೀಲದಲ್ಲಿರಲಿ.

ಮರುಪ್ರಶ್ನೆ:
ತೆರವಿನ ಆದೇಶ ಬಾರದೆ ಮನೆಯಲ್ಲೇ ಉಳಿದರೆ, ಮಳೆಯಲ್ಲಿ ಜನರೇಟರನ್ನು ಗ್ಯಾರೇಜಿನಲ್ಲಿಟ್ಟು ನಡೆಸಬಹುದೇ?

ಉತ್ತರ:
ಬಾಗಿಲು ತೆರೆದಿಟ್ಟರೂ ಕೂಡದು. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿ, ಕಿಟಕಿ-ಬಾಗಿಲುಗಳತ್ತ ಹೊಗೆ ಬಾರದಂತಿರಬೇಕು. ಮಳೆಗೆ ನೆನೆಯುವಂತಿದ್ದರೆ ಮಳೆ ನಿಲ್ಲುವವರೆಗೂ ಅದನ್ನು ನಡೆಸಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಅದರಿಂದ ಬರುವ ತಲೆನೋವು, ಸುಸ್ತು, ವಾಕರಿಕೆಯನ್ನು ಈ ದಿನಗಳಲ್ಲಿ ಕೋವಿಡ್ ಎಂದೇ ತಿಳಿದು ಕೋಣೆಯಲ್ಲಿ ಮಲಗಿಬಿಡುವ ಸಂಭವವಿದೆ. ಜನರೇಟರ್ ನಡೆಯುವಾಗ ಯಾರಿಗಾದರೂ ಹೀಗಾದರೆ ಎಲ್ಲರೂ ತಕ್ಷಣ ಹೊರಗಿನ ಗಾಳಿಗೆ ಬಂದು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.